ಸಟ್ಟುಗದಲ್ಲಿ ಕೆರೆದ ನಂಬರು

ಗಾಡಿಯ ನಂಬರು ಹಾಳು ಮಾಡಿದ್ದು ನಾನು. ತುಕ್ಕಲ್ಲ, ಇಲ್ಲಿಯ ಬಿಸಿಲಲ್ಲ, ಡ್ರೈವರ್ ಅಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮವರ ನಡುವೆ ಇದರ ಬಗ್ಗೆ ಬೇರೆ ಬೇರೆ ಕಥೆ ಓಡಾಡುತ್ತಾ ಉಂಟು. ಒಂದರಲ್ಲಿ ನಮ್ಮ ಗಾಡಿ ಕದ್ದ ಮಾಲು. ಇನ್ನೊಂದರಲ್ಲಿ ಡ್ರೈವರ್ ನಮ್ಮ ಒಳ್ಳೆ ಗಾಡಿ ಮಾರಿ, ಅದರ ನಂಬರನ್ನು ಯಾವುದೋ ಗುಜರಿ ಗಾಡಿಗೆ ಹೊಡೆಸಿ ತಂದಿದ್ದ. ಕೇಳಲು ಚೆಂದ. ನಡೆದದ್ದು ಅಷ್ಟು ಚೆಂದದ್ದಲ್ಲ. ಒಬ್ಬಳು ಮುದುಕಿ ದೋಸೆ ಕಾವಲಿ ಕೆರೆಯುವ ಸಟ್ಟುಗ ತಗೊಂಡು ಕಂಪೆನಿ ಹೊಡೆದ ನಂಬರು ಕೆರೆದಳು, ಆಮೇಲೆ ಏಳು ದಿನ ಬಾಯಿ ಮುಚ್ಚಿ ಕೂತಳು. ಅಷ್ಟೆ.

ದುಬೈಯ ದೇರಾದಲ್ಲಿ ಮಗಳ ಹೆಸರಿಗೆ ಒಂದು ಅಡುಗೆಮನೆಯ ಲೈಸೆನ್ಸ್ ಉಂಟು. ಕೂತು ತಿನ್ನುವ ಜಾಗವಿಲ್ಲ. ಬೇಯಿಸಿ, ಡಬ್ಬಿಗೆ ಹಾಕಿ, ಕಳಿಸುವುದು. ಹೋಲ್‌ಸೇಲ್ ಅಂಗಡಿಯವರು, ಒಂದೊಂದು ಫ್ಲ್ಯಾಟಿನಲ್ಲಿ ಎಂಟು ಹತ್ತು ಜನ ಇರುವ ಬ್ಯಾಚುಲರ್‌ಗಳು, ಎರಡು ಆಫೀಸು. ಮಧ್ಯಾಹ್ನ ಹನ್ನೆರಡೂವರೆಗೆ ಊಟ ಮುಟ್ಟಬೇಕು. ಫೋನು, ಕಾಗದಪತ್ರ ಮಗಳು ನೋಡುತ್ತಾಳೆ. ಮಸಾಲೆ, ಒಲೆ ನನ್ನದು. ಒಯ್ದು ಕೊಡುವುದು ಡ್ರೈವರ್. ಬಿಜಾಪುರ ಕಡೆಯವನು, ಆರು ವರ್ಷದಿಂದ ನಮ್ಮಲ್ಲೇ. ವೀಸಾ ನಮ್ಮ ಲೈಸೆನ್ಸಿನದ್ದು. ಊರಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನನ್ನನ್ನು ಆಯಿ ಅನ್ನುತ್ತಾನೆ, ಅವರ ಕಡೆ ಅಜ್ಜಿಗೆ ಹಾಗೆ ಹೇಳುವುದಂತೆ. ಬೈದರೆ ಹ್ಞೂಂ ಅನ್ನುತ್ತಾನೆ. ಆದರೆ ತಪ್ಪಿಲ್ಲದೆ ಬೈದರೆ ಅದನ್ನು ಇಟ್ಟುಕೊಂಡು, ಮೂರು ದಿನ ಕಳೆದು, ಸಾಂಬಾರಿನ ಕ್ಯಾನು ಎತ್ತುವಾಗ ತಿರುಗಿ ಹೇಳುತ್ತಾನೆ. ಅಂಥವನು.

ಗಾಡಿ ಬಿಳಿ ವ್ಯಾನು. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಈಗ ಎಂಟು ವರ್ಷ ಹಳೆಯದು.

ನಮ್ಮಲ್ಲಿ ಆಯುಧ ಪೂಜೆ ಬಿಡುವ ಕ್ರಮವಿಲ್ಲ. ನನ್ನ ಗಂಡ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಇಂಜಿನಿಗೆ, ಸ್ಟೇರಿಂಗಿಗೆ ಇಡುವ ಮೊದಲು ಅಚ್ಚು ಹೊಡೆದ ನಂಬರಿಗೆ ಕುಂಕುಮ ಇಡಬೇಕು, ಗಾಡಿಯ ಹೆಸರು ಅದೇ ಅನ್ನುತ್ತಿದ್ದರು. ಇಲ್ಲಿಯೂ ನಾನು ಗ್ರೈಂಡರಿಗೆ, ಒಲೆಗೆ, ವ್ಯಾನಿಗೆ ಪೂಜೆ ಮಾಡುತ್ತಾ ಬಂದೆ. ಮೂರು ವರ್ಷದ ಹಿಂದೆ ಊಟ ಸಾಗಿಸುವ ಗಾಡಿ ನೋಡಲು ಬಂದ ಇನ್ಸ್‌ಪೆಕ್ಟರ್ ಒಳಗೆ ಒಣಗಿದ ಸೇವಂತಿಗೆ, ಎಣ್ಣೆ ಜಿಡ್ಡು ಎಲ್ಲ ನೋಡಿ, ಇದೆಂತದು ಅಂತ ಕೇಳಿ, ಪೇಪರಿನಲ್ಲಿ ಬರೆದುಕೊಂಡು ಹೋದ. ಮಗಳಿಗೆ ಸಿಟ್ಟು ಬಂತು.

“ಅಮ್ಮ, ಇನ್ನು ಗಾಡಿಗೆ ಹೂ ಇಲ್ಲ, ಕುಂಕುಮ ಇಲ್ಲ. ಲೈಸೆನ್ಸ್ ಹೋದರೆ ನಿನ್ನ ದೇವರು ಬಂದು ಕೊಡ್ತಾನಾ?”

“ಆಯ್ತು” ಅಂದೆ.

ಅಂದದ್ದು ಹೌದು, ಬಿಟ್ಟದ್ದಿಲ್ಲ. ಪಕ್ಕದ ಸೀಟಿನ ಅಡಿಯಲ್ಲಿ ಮ್ಯಾಟ್ ಎತ್ತಿದರೆ ಕಬ್ಬಿಣದ ಪಟ್ಟಿಯ ಮೇಲೆ ಉದ್ದಕ್ಕೆ ಅಕ್ಷರ, ಅಂಕೆ ಹೊಡೆದಿದ್ದಾರೆ. ಚಾಸಿಸ್ ನಂಬರು. ಮಗಳು ಅಲ್ಲಿ ನೋಡುವವಳಲ್ಲ. ಮೂರು ವರ್ಷವೂ ಅಲ್ಲೇ ಅರಿಶಿನ, ಕುಂಕುಮ, ತೆಂಗಿನೆಣ್ಣೆ ಕಲಸಿ ಹಚ್ಚಿ, ಎರಡು ಹನಿ ಕಾಯಿನೀರು ಬಿಟ್ಟು, ಮ್ಯಾಟ್ ಮುಚ್ಚಿ ಕೈ ಮುಗಿದೆ. ಅದರ ಮೇಲೆ ವರ್ಷವಿಡೀ ಚೆಲ್ಲಿದ ಸಾರು ಹರಿದು ಕೂತಿತು. ಮೇಲಿನಿಂದ ಮ್ಯಾಟಿನ ಬೆವರು. ಕಬ್ಬಿಣಕ್ಕೆ ಇನ್ನೇನು ಬೇಕು?

ಗಾಡಿಯ ಆರ್‌ಸಿಗೆ ಇಲ್ಲಿ ಮುಲ್ಕಿಯಾ ಅನ್ನುತ್ತಾರೆ. ವರ್ಷಕ್ಕೊಮ್ಮೆ ಹೊಸತು ಮಾಡಿಸಬೇಕು. ಮೊದಲು ಇನ್ಶೂರೆನ್ಸ್. ಆಮೇಲೆ ಟೆಸ್ಟಿಂಗ್ ಸೆಂಟರಿಗೆ ಒಯ್ದು ಗಾಡಿ ಸರಿ ಉಂಟು ಅಂತ ಪಾಸ್ ಮಾಡಿಸುವುದು. ದಂಡ ಇದ್ದರೆ ಕಟ್ಟಬೇಕು. ಇಷ್ಟಾದರೆ ಮುಲ್ಕಿಯಾ. ತಾರೀಕು ಮುಗಿದ ಮೇಲೂ ಒಂದು ತಿಂಗಳು ಬಿಡುತ್ತಾರೆ. ಮಗಳು ಆ ತಿಂಗಳಿನಲ್ಲೂ ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದಳು. ಹನ್ನೊಂದು ದಿನ ಉಳಿದಿತ್ತು, ಆಗ ಸೋಮವಾರಕ್ಕೆ ಪಾಸಿಂಗ್ ಅಂತ ಆಯಿತು.

ಭಾನುವಾರ ಸಂಜೆ ಡ್ರೈವರ್ ಹಿಂದಿನ ಮರಳು ಪಾರ್ಕಿಂಗಿನಲ್ಲಿ ಗಾಡಿ ತೊಳೆಯುತ್ತಿದ್ದ. ಜೂನ್ ತಿಂಗಳು. ಹೊತ್ತು ಇಳಿದರೂ ನೆಲ ಕಾವಲಿಯ ಹಾಗೆ. ನಾನು ಕ್ಯಾನುಗಳನ್ನು ಒಣಗಿಸಲು ಹೋದವಳು. ಅವನು ಪಕ್ಕದ ಸೀಟಿನ ಮ್ಯಾಟ್ ಎತ್ತಿ ನೋಡಿ ಕರೆದ.

“ಆಯಿ, ಇಲ್ಲಿ ಬರ್ರಿ. ನಂಬರ್ ಕಾಣವಲ್ದು. ಹ್ವಾದ ವರ್ಷ ಹೆಂಗೋ ಓದಾಕ ಬಂದಿತ್ತು, ಈಗ ನಿಮ್ಮ ಕುಂಕುಮ ಕಲ್ಲಾಗಿ ಕುಂತೈತಿ.”

“ಕಾಣದಿದ್ದರೆ ಎಂತಾಗ್ತದೆ?”

“ಬ್ಯಾಟರಿ ಹಾಕಿ ಓದ್ತಾರ್ರಿ ಅವರು. ಕಾಣಲಿಲ್ಲಂದ್ರ ಫೇಲ್. ಮುಂಜಾನೆ ಗ್ಯಾರೇಜಿಗೆ ಒಯ್ತೀನಿ. ಅವರು ಎಣ್ಣಿ ಹಾಕಿ ನೆನಸಿ ಬಟ್ಟೀಲೆ ತಗೀತಾರ. ನೀವು ಕೈ ಹಚ್ಚಬ್ಯಾಡ್ರಿ.”

ಕೊನೆಯ ಮಾತು ಅವನು ಹೇಳಿದ್ದು ನಿಜ. ನಾನು ಕೇಳಿದ್ದೂ ನಿಜ.

ಅವನು ಗಾಡಿಯ ಬಾಗಿಲು ತೆರೆದಿಟ್ಟು ಬಕೆಟ್ ಇಡಲು, ನಮಾಜು ಮಾಡಲು ಹೋದ. ನಾನು ನಿಂತು ಯೋಚನೆ ಮಾಡಿದೆ. ಗ್ಯಾರೇಜಿನವನು ಬೂಟುಗಾಲಿನಲ್ಲಿ ಹತ್ತಿ ದೇವರ ಕುಂಕುಮ ಹೊಲಸು ಬಟ್ಟೆಯಲ್ಲಿ ಒರೆಸುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ದೊಡ್ಡದು, ಮಗಳಿಗೆ ಗೊತ್ತಾಗಬಾರದು. ಗ್ಯಾರೇಜಿನವನು ಅವಳಿಗೆ ಫೋಟೊ ಕಳಿಸದೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಒಳಗೆ ಹೋಗಿ ಹುಣಿಸೆಹುಳಿ, ಕಲ್ಲುಪ್ಪು ತಂದೆ. ಹಿತ್ತಾಳೆ ದೀಪ ಉಜ್ಜುವ ಹಾಗೆ ಉಜ್ಜಿದೆ. ಕೆಂಪು ಹೋಯಿತು, ಕಪ್ಪು ಹೋಗಲಿಲ್ಲ. ಕಾವಲಿ ಕೆರೆಯುವ ಕಬ್ಬಿಣದ ಸಟ್ಟುಗ ತಂದೆ. ಕೆರೆದರೆ ತುಕ್ಕು ಚಕ್ಕೆ ಚಕ್ಕೆ ಎದ್ದು ಬಂತು. ನನಗೆ ಉಮೇದು ಬಂತು. ಡ್ರೈವರಿನ ಟೂಲ್ ಡಬ್ಬಿಯಲ್ಲಿ ಮರ ಉಜ್ಜುವ ಉಪ್ಪುಕಾಗದ ಇತ್ತು, ಕೊನೆಗೆ ಅದನ್ನೂ ಎಳೆದೆ. ಬೆಳ್ಳಿಯ ಹಾಗೆ ಹೊಳೆಯಿತು. ಒರೆಸಿ ನೋಡುತ್ತೇನೆ, ನಂಬರು ಶುರುವಿನಲ್ಲಿ ಚೆನ್ನಾಗಿ ಕಾಣುತ್ತದೆ, ಕೊನೆಯಲ್ಲಿ ಮೂರು ಅಂಕೆ ಇರುವಲ್ಲಿ ಬರೀ ಗೀರು.

ತುಕ್ಕು ತಿಂದ ಕಬ್ಬಿಣ ತುಕ್ಕಿನ ಜೊತೆಗೇ ಬಂದಿತ್ತು. ಮ್ಯಾಟ್ ಮುಚ್ಚಿದೆ. ಅಡುಗೆಮನೆಗೆ ಬಂದು ಉದ್ದು ನೆನೆ ಹಾಕಿದೆ.

ಸೋಮವಾರ ಬೆಳಿಗ್ಗೆ ಡ್ರೈವರ್ ಗ್ಯಾರೇಜಿಗೆ ಹೊರಟವನು ಮ್ಯಾಟ್ ಎತ್ತಿ ನೋಡಿದ. ತಿರುಗಿ ನನ್ನನ್ನು ನೋಡಿದ.

“ಆಯಿ, ಏನ್ ಮಾಡೀರಿ ಇದು?”

“ಸ್ವಚ್ಛ ಮಾಡಿದೆ. ಬೆಳಕಿನಲ್ಲಿ ನೋಡಿದರೆ ಕಾಣ್ತದೆ. ನಡಿ, ನಾನೂ ಬರ್ತೇನೆ, ಬರುವಾಗ ಮೀನು ತರಲಿಕ್ಕುಂಟು.”

ಅವನು ಹೋಗುವುದಿಲ್ಲ ಅನ್ನಬಹುದಿತ್ತು. ಮಾಲೀಕಳ ಅಮ್ಮ ನಡಿ ಅಂದರೆ ಸಂಬಳದವನು ಎಷ್ಟು ಅಡ್ಡ ಮಾತಾಡುತ್ತಾನೆ? ಹೋದೆವು.

ಶಾರ್ಜಾ ಗಡಿಯ ಹತ್ತಿರದ ಟೆಸ್ಟಿಂಗ್ ಸೆಂಟರು. ಟೋಕನ್ ತಗೊಂಡು ಸಾಲಿನಲ್ಲಿ ನಿಂತೆವು. ಗಾಡಿಯನ್ನು ಅವರೇ ಒಳಗೆ ಒಯ್ಯುತ್ತಾರೆ. ನಾವು ಗಾಜಿನ ಆಚೆ. ಬ್ರೇಕ್ ನೋಡಲು ಉರುಳುವ ಕೊಳವೆಯ ಮೇಲೆ ಚಕ್ರ ಹತ್ತಿಸಿದರು. ಲೈಟು ಹಾಕಿಸಿದರು. ಕೆಳಗೆ ಗುಂಡಿಯಲ್ಲಿ ಒಬ್ಬ ನಿಂತು ಅಡಿಯನ್ನು ಸುತ್ತಿಗೆಯಲ್ಲಿ ತಟ್ಟಿದ. ಟಯರಿನ ತಾರೀಕು ಓದಿದರು. ಎಲ್ಲ ಸರಿ. ಕೊನೆಗೆ ಅಲ್ಲಿಯ ಇನ್ಸ್‌ಪೆಕ್ಟರ್ ಪಕ್ಕದ ಬಾಗಿಲು ತೆಗೆದು, ಮ್ಯಾಟ್ ಎತ್ತಿ, ಬ್ಯಾಟರಿ ಬಿಟ್ಟ. ಬಗ್ಗಿದವನು ಏಳಲಿಲ್ಲ. ಬೆರಳಿನಿಂದ ಸವರಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಬಗ್ಗಿದರು. ಫೋನಿನಲ್ಲಿ ಫೋಟೊ ತೆಗೆದರು. ಆಮೇಲೆ ಡ್ರೈವರನ್ನು ಒಳಗೆ ಕರೆದರು. ಅವನ ಹಿಂದೆ ನಾನೂ ಹೋದೆ.

ಇನ್ಸ್‌ಪೆಕ್ಟರ್ ಹಿಂದಿಯಲ್ಲಿ ಕೇಳಿದ. “ಯೇ ಕಿಸ್‌ನೇ ಘಿಸಾ?” ಇದನ್ನು ಯಾರು ಉಜ್ಜಿದ್ದು ಅಂತ.

ಡ್ರೈವರ್ ನನ್ನ ಕಡೆ ನೋಡಿದ. ನಾನು ಗೋಡೆಯಲ್ಲಿ ಇದ್ದ ಸಿಗರೇಟು ಸೇದಬಾರದು ಅನ್ನುವ ಬೋರ್ಡು ನೋಡಿದೆ.

“ಗಾಡಿ ಕೌನ್ ಧೋಯಾ?”

“ಮೈಂ” ಅಂದ ಅವನು. ತೊಳೆದದ್ದು ಅವನೇ, ಸುಳ್ಳಲ್ಲ.

ಫೇಲ್ ಕೂಡ ಮಾಡಲಿಲ್ಲ. ಫೇಲ್ ಆದರೆ ಸರಿ ಮಾಡಿಸಿ ತಿರುಗಿ ತರಬಹುದು. ಇದು ನಂಬರು ತಿದ್ದಿದ ಅನುಮಾನ, ಪೊಲೀಸರ ಲ್ಯಾಬಿಗೆ ಒಯ್ದು ಪರೀಕ್ಷೆ ಮಾಡಿಸಿ ಅವರ ಕಾಗದ ತರಬೇಕು, ಅಲ್ಲಿಯವರೆಗೆ ಮುಲ್ಕಿಯಾ ಇಲ್ಲ ಅಂದರು. ಡ್ರೈವರಿನ ಐಡಿ ಕಾರ್ಡಿನ ಕಾಪಿ ತೆಗೆದುಕೊಂಡರು. ಅವನು ಗಾಡಿಯನ್ನು ನೇರ ಅಡುಗೆಮನೆಗೆ ಬಿಟ್ಟ. ಮೀನು ಮಾರ್ಕೆಟ್ಟಿಗೂ ಹೋಗಲಿಲ್ಲ.

ಮಗಳು ಕಾಗದ ಓದಿ ಕುರ್ಚಿಯಲ್ಲಿ ಕೂತಳು.

“ನಂಬರು ಕೆರೆದದ್ದು ಯಾರು? ಹೇಳು. ಗಾಡಿ ರಾತ್ರಿ ನಿನ್ನ ರೂಮಿನ ಹತ್ತಿರ ನಿಲ್ತದೆ. ಕೀ ನಿನ್ನ ಹತ್ತಿರ. ಉಪ್ಪುಕಾಗದ ನಿನ್ನ ಡಬ್ಬಿಯಲ್ಲಿ ಉಂಟು, ಈಗ ನೋಡಿ ಬಂದೆ.”

“ಮೇಡಂ, ನಾ ಕೆರದಿಲ್ರಿ.”

“ಮತ್ತೆ ದೆವ್ವ ಬಂದು ಕೆರೆಯಿತಾ? ಈ ಊರಲ್ಲಿ ನಂಬರು ಯಾಕೆ ಕೆರೀತಾರೆ ಅಂತ ನಂಗೆ ಗೊತ್ತಿಲ್ವಾ? ಕದ್ದ ಗಾಡಿಗೆ ಮಾಡುವ ಕೆಲಸ ಅದು.”

ಅವನು ಮತ್ತೆ ನನ್ನನ್ನು ನೋಡಿದ. ಈ ಸಲ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ತುರಿಯುತ್ತಾ ಇದ್ದೆ. ಚಿಪ್ಪಿನ ಕಪ್ಪು ಬರುವವರೆಗೆ ತುರಿದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ಹೆದರಿಕೆ. ನನ್ನ ವೀಸಾ ಮಗಳ ಮೇಲೆ. ಪೊಲೀಸು ಅಂದ ಕೂಡಲೇ ನನಗೆ ಕಂಡದ್ದು ಬೆರಳಚ್ಚು, ವಿಮಾನ, ಡಿಪೋರ್ಟ್. ಮತ್ತೆ ಮಗಳ ಮುಖ. ಮೂರು ವರ್ಷ ಅವಳ ಕಣ್ಣಿಗೆ ಮಣ್ಣು ಹಾಕಿ ಪೂಜೆ ಮಾಡಿದೆ ಅಂತ ಅವಳ ಮುಂದೆ ಬಾಯಿ ಬಿಡುವುದು ಪೊಲೀಸಿಗಿಂತ ಕಷ್ಟ ಅನ್ನಿಸಿತು. ಇದರಲ್ಲಿ ದೊಡ್ಡ ಮಾತೇನೂ ಇಲ್ಲ. ನನ್ನ ಚರ್ಮ ಉಳಿಸಿಕೊಂಡೆ.

ಅದೇ ಸಂಜೆ ಮಗಳು ಇನ್ನೊಂದು ಕೆಲಸ ಮಾಡಿದಳು. ದುಬೈ, ಶಾರ್ಜಾದಲ್ಲಿ ಊಟ ಕಳಿಸುವ ನಮ್ಮ ಕಡೆಯವರದ್ದೊಂದು ವಾಟ್ಸಾಪ್ ಗ್ರೂಪ್ ಉಂಟು. ಕಾಯಿ ಎಲ್ಲಿ ಒಳ್ಳೆಯದು, ಕುಚ್ಚಲಕ್ಕಿ ಯಾರಲ್ಲಿ ಬಂತು, ಡ್ರೈವರ್ ಯಾರು ಖಾಲಿ ಇದ್ದಾನೆ, ಎಲ್ಲ ಅದರಲ್ಲೇ. ಮಗಳು ಸಿಟ್ಟಿನಲ್ಲಿ ವಾಯ್ಸ್ ಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. “ನಮ್ಮ ಡ್ರೈವರ್ ಗಾಡಿಯ ಚಾಸಿಸ್ ನಂಬರು ಕೆರೆದಿದ್ದಾನೆ, ಪೊಲೀಸ್ ಕೇಸಾಗಿದೆ, ಯಾರೂ ಇವನನ್ನು ಇಟ್ಟುಕೊಳ್ಳುವ ಮೊದಲು ಎರಡು ಸಲ ಯೋಚನೆ ಮಾಡಿ” ಅಂತ. ಹೆಸರು, ಊರು ಎಲ್ಲ ಹೇಳಿದಳು. ಐವತ್ತು ಅರವತ್ತು ಅಡುಗೆಮನೆಗೆ ಒಂದೇ ನಿಮಿಷದಲ್ಲಿ ಮುಟ್ಟಿತು.

ಮಂಗಳವಾರದಿಂದ ಗಾಡಿ ಪಾರ್ಕಿಂಗಿನಲ್ಲಿ, ಲ್ಯಾಬಿನ ಕಾಗದ ಬರುವವರೆಗೆ ಓಡಿಸಲು ಮಗಳಿಗೆ ಹೆದರಿಕೆ. ಪಕ್ಕದ ಅಂಗಡಿಯವನ ಪಿಕಪ್ ಬಾಡಿಗೆಗೆ ತಗೊಂಡೆವು. ಅದಕ್ಕೆ ಮೇಲೆ ಹೊದಿಕೆ ಇಲ್ಲ, ಮಧ್ಯಾಹ್ನದ ಬಿಸಿಲಿಗೆ ಮಜ್ಜಿಗೆ ಹುಳಿ ಒಡೆದು ಹೋಯಿತು. ಆಫೀಸಿನವರು ಫೋನು ಮಾಡಿ ಬೈದರು. ಡ್ರೈವರ್ ಪಿಕಪ್ಪಿನಲ್ಲಿ ಡಬ್ಬಿ ಹಿಡಿದು ಹಿಂದೆ ಕೂತು ಹೋಗುತ್ತಿದ್ದ. ಡಬ್ಬಿ ತುಂಬಿಸುವಾಗ, ಮಗಳು ಹೊರಗೆ ಹೋದದ್ದು ನೋಡಿ ಒಲೆಯ ಹತ್ತಿರ ಬಂದ.

“ಆಯಿ, ನೀವು ಹೇಳ್ತೀರ್ಯೋ, ನಾ ಹೇಳ್ಲ್ಯೋ?”

“ನೀನು ಹೇಳಿದರೆ ಅವಳು ನಂಬ್ತಾಳಾ?”

“ನಂಬೂದಿಲ್ಲ. ಅದಕ್ಕ ನಿಮಗ ಕೇಳಾಕತ್ತೀನಿ.”

“ಹೇಳ್ತೇನೆ ಮಾರಾಯ. ಸ್ವಲ್ಪ ಸಮಯ ಕೊಡು. ಅವಳ ಸಿಟ್ಟು ಇಳಿಯಲಿ.”

“ಸಿಟ್ಟು ಅವರದು ಇಳೀತೈತಿ. ನನ್ನ ರೂಮಿನಾಗ ಮಂದಿ ಪಾಕೀಟು ತಲಿದಿಂಬಿನ ಕೆಳಗ ಇಟ್ಕೊಂಡು ಮಲಗಾಕತ್ಯಾರ್ರಿ.”

ಬುಧವಾರ ಹೇಳಲಿಲ್ಲ. ಗುರುವಾರ ಹೇಳಬೇಕು ಅಂತ ಬಾಯಿ ತೆಗೆದೆ, ಮಗಳು ಯಾರದೋ ಫೋನಿನಲ್ಲಿ ಇದ್ದಳು, ಬಾಯಿ ಮುಚ್ಚಿದೆ. ಫೋನು ಮುಗಿದ ಮೇಲೂ ಮುಚ್ಚಿಕೊಂಡೇ ಇದ್ದೆ. ಶುಕ್ರವಾರ ಮಗಳು ಹೇಳಿದಳು, ಲ್ಯಾಬಿನಲ್ಲಿ ಸೋಮವಾರ ಬನ್ನಿ ಅಂದಿದ್ದಾರೆ, ಓನರು, ಡ್ರೈವರು ಇಬ್ಬರೂ. ಅದು ಮುಗಿದ ಕೂಡಲೇ ಇವನ ವೀಸಾ ಕ್ಯಾನ್ಸಲ್ ಮಾಡುತ್ತೇನೆ ಅಂತ. ಕಾಗದ ಟೈಪ್ ಮಾಡಿಸಿಯೂ ಇಟ್ಟಿದ್ದಳು.

ಆ ಕಾಗದ ಮೇಜಿನ ಮೇಲೆ, ಹೆಸರುಬೇಳೆಯ ಡಬ್ಬಿಯ ಅಡಿಯಲ್ಲಿ ಇತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲಿದ್ದದ್ದು ಇಂಗ್ಲಿಷು, ಅರಬಿ. ಆದರೆ ಅವನ ಫೋಟೊ ಅಂಟಿಸಿದ್ದು ಕಾಣುತ್ತದಲ್ಲ. ಶನಿವಾರ, ಭಾನುವಾರ ಎರಡೂ ದಿನ ಬೇಳೆ ತೆಗೆಯುವಾಗೆಲ್ಲ ಅದು ಕಂಡಿತು.

ಸೋಮವಾರ ಬೆಳಿಗ್ಗೆ ನಾನು ಸೀರೆ ಉಟ್ಟು ತಯಾರಾದೆ.

“ನೀನು ಎಲ್ಲಿಗೆ?” ಮಗಳು ಕೇಳಿದಳು.

“ಬರ್ತೇನೆ.”

“ಅಲ್ಲಿ ನಿನಗೆ ಎಂತ ಕೆಲಸ? ಎಸಿಯಲ್ಲಿ ಕೂರಲಿಕ್ಕಾ?”

“ಹ್ಞೂಂ, ಎಸಿಯಲ್ಲಿ ಕೂರಲಿಕ್ಕೆ.”

ಹೊರಡುವ ಮೊದಲು ಸಟ್ಟುಗವನ್ನು ಹಳೆ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅಲ್ಲಿ ಹೋಗಿ ನಾನು ಮತ್ತೆ ಬಾಯಿ ಮುಚ್ಚಿಕೊಂಡರೆ ಅಂತ ನನಗೇ ಅನುಮಾನ ಇತ್ತು. ಸಟ್ಟುಗ ಚೀಲದಲ್ಲಿ ಇದ್ದರೆ ಯಾರಾದರೂ ಇದು ಯಾಕೆ ಅಂತ ಕೇಳಿಯೇ ಕೇಳುತ್ತಾರೆ.

ಕೇಳಿದರು. ಲ್ಯಾಬಿನ ಬಾಗಿಲಲ್ಲೇ. ಚೀಲ ಮೆಷಿನ್ನಿನೊಳಗೆ ಹೋದದ್ದೇ ಕಾವಲಿನ ಹೆಂಗಸು ತೆರೆಸಿದಳು. ಸಟ್ಟುಗ ಎತ್ತಿ ಹಿಡಿದು “ವಾಟ್ ಇಸ್ ದಿಸ್?” ಅಂದಳು.

“ದೋಸೆ” ಅಂದೆ. ಬೇರೆ ಹೇಗೆ ಹೇಳುವುದು?

ಮಗಳು ಮುಖ ಮುಚ್ಚಿಕೊಂಡಳು. “ಅಮ್ಮ, ನಿಂಗೆ ತಲೆ ಸರಿ ಉಂಟಾ? ಪೊಲೀಸರ ಜಾಗಕ್ಕೆ ಸಟ್ಟುಗ ತಂದಿದ್ದಿ!”

ಡ್ರೈವರ್ ಸಟ್ಟುಗ ನೋಡಿದ. ಅವನಿಗೆ ಗೊತ್ತಾಯಿತು. ಅವನು ನನ್ನ ಮುಖ ನೋಡಲಿಲ್ಲ, ಚೀಲ ತಗೊಂಡು ನಿಂತ. ಸಟ್ಟುಗವನ್ನು ಕಾವಲಿನ ಹೆಂಗಸು ಒಂದು ಟ್ರೇಗೆ ಹಾಕಿ ನಮ್ಮ ಜೊತೆಗೇ ಒಳಗಿನ ಆಫೀಸರಿಗೆ ಕಳಿಸಿದಳು.

ಆಫೀಸರ್ ಇಲ್ಲಿಯವರೇ, ಕಾಲು ಮುಟ್ಟುವ ಬಿಳಿ ಅಂಗಿ, ಕಂದೂರ, ಹಾಕಿದವರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಮೇಜಿನ ಮೇಲೆ ನಮ್ಮ ನಂಬರಿನ ದೊಡ್ಡ ಫೋಟೊ. ಅದರಲ್ಲಿ ಗೀರುಗಳು ಇನ್ನೂ ದೊಡ್ಡದಾಗಿ ಕಂಡವು. ಮೊದಲು ಮಗಳಿಗೆ ಕೇಳಿದರು, ಗಾಡಿ ಯಾರಿಂದ ತಗೊಂಡದ್ದು, ಕಾಗದ ಎಲ್ಲಿ. ಅವಳು ಕೊಟ್ಟಳು. ಆಮೇಲೆ ಗಾಡಿ ಯಾರ ಕೈಯಲ್ಲಿ ಇರುತ್ತದೆ ಅಂತ ಕೇಳಿದರು. ಮಗಳು ಡ್ರೈವರಿಗೆ ಬೆರಳು ಮಾಡಿದಳು.

ಆಫೀಸರ್ ಅವನಿಗೆ ಕೇಳಿದರು. ಅವನು ಬಾಯಿ ತೆರೆದ, ಮುಚ್ಚಿದ.  ನಲವತ್ತು ವರ್ಷ ಆಗುತ್ತಾ ಬಂದ ಗಂಡಸು, ಶಾಲೆ ಹುಡುಗನ ಹಾಗೆ ಕೈ ಹಿಂದೆ ಕಟ್ಟಿ ನಿಂತಿದ್ದ. ಅವನು ನನ್ನ ಹೆಸರು ಹೇಳುವುದಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಹೇಳದೆ ಹೋದರೆ ಅವನ ಗತಿ ಏನು ಅಂತಲೂ ಗೊತ್ತಾಯಿತು.

“ಸಾಬ್, ಮೈ ಕಿಯಾ” ಅಂದೆ. “ಯೇ ಸಟ್ಟುಗ ಸೇ.”

ಮಗಳು ತಿರುಗಿ “ಅಮ್ಮ, ಸುಮ್ಮನಿರು, ಇದು ತಮಾಷೆ ಮಾಡುವ ಜಾಗವಲ್ಲ” ಅಂದಳು.

“ನೀನು ಸುಮ್ಮನಿರು” ಅಂದೆ. ಟ್ರೇಯಿಂದ ಸಟ್ಟುಗ ತಗೊಂಡು ಫೋಟೊದ ಮೇಲೆ ಇಟ್ಟು ಹೇಗೆ ಕೆರೆದೆ ಅಂತ ಎಳೆದು ತೋರಿಸಿದೆ. ಆಫೀಸರ್ ನಗಲಿಲ್ಲ. ಸಟ್ಟುಗದ ತುದಿಯನ್ನು ಸ್ಕೇಲಿನಲ್ಲಿ ಅಳೆದರು. ಅದರ ಒಂದು ಮೂಲೆ ಸವೆದು ಓರೆಯಾಗಿದೆ, ಇಪ್ಪತ್ತು ವರ್ಷದ ಸಟ್ಟುಗ. ಗೀರಿನಲ್ಲೂ ಒಂದು ಬದಿ ಓರೆ.

“ಮಾಮಾ, ಕ್ಯೂಂ ಕಿಯಾ?” ಅಂದರು. ಇಲ್ಲಿಯವರು ವಯಸ್ಸಾದ ಹೆಂಗಸರನ್ನು ಹಾಗೇ ಕರೆಯುವುದು, ಅಮ್ಮ ಅಂತ.

ನನ್ನ ಹಿಂದಿಯಲ್ಲಿ ಪೂಜೆಯ ಕಥೆ ಹೇಳಲು ಆಗಲಿಲ್ಲ. ಹಣೆಯ ಕುಂಕುಮ ತೋರಿಸಿ “ಯೇ, ಗಾಡಿ ಪೇ, ತೀನ್ ಸಾಲ್. ಫಿರ್ ಸಾಫ್ ಕಿಯಾ” ಅಂದೆ. ಉಳಿದದ್ದನ್ನು ಡ್ರೈವರ್ ಹೇಳಿದ. ಹಬ್ಬ ಯಾವುದು, ಎಲ್ಲಿ ಹಚ್ಚುತ್ತಾರೆ, ಯಾಕೆ ಮ್ಯಾಟಿನ ಅಡಿಯಲ್ಲಿ, ಎಲ್ಲ. ಮಗಳಿಂದ ಮುಚ್ಚಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಿದೆ, ಕನ್ನಡದಲ್ಲಿ, ಮಗಳಿಗೆ.

ಅವಳು ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡಿದಳು.

ಹೇಳಿದರೆ ಮುಗಿಯಲಿಲ್ಲ, ನಂಬರು ನಮ್ಮದೇ ಅಂತ ಕಬ್ಬಿಣವೂ ಹೇಳಬೇಕಲ್ಲ. ನಾವು ತಂದಿದ್ದ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ ಸೀಟು ಬಿಚ್ಚಿದರು. ಒಬ್ಬ ಕೈಗವಸು ಹಾಕಿ ಸವೆದ ಜಾಗವನ್ನು ಕನ್ನಡಿಯಷ್ಟು ನುಣ್ಣಗೆ ಮಾಡಿ, ಹತ್ತಿಯಲ್ಲಿ ಏನೋ ಖಾರದ ನೀರು ಮತ್ತೆ ಮತ್ತೆ ಸವರಿದ. ಮೂಗು ಉರಿಯುವ ವಾಸನೆ. ಅಚ್ಚು ಹೊಡೆಯುವಾಗ ಪೆಟ್ಟು ಕಬ್ಬಿಣದ ಒಳಗೂ ಹೋಗಿರುತ್ತದಂತೆ, ಮೇಲಿನದು ಸವೆದರೂ ಒಳಗಿನದು ಉಳಿಯುತ್ತದಂತೆ. ಡ್ರೈವರ್ ಕೇಳಿ ತಿಳಿದು ನನಗೆ ಹೇಳಿದ. ತುಂಬ ಹೊತ್ತು ಕಳೆದು ಎರಡು ಅಂಕೆ ಮಬ್ಬಾಗಿ ಎದ್ದಿತು. ಮೂರನೆಯದು ಏಳಲೇ ಇಲ್ಲ.  ಕೊನೆಗೆ ಇಂಜಿನ್ ನಂಬರು, ಬಾಗಿಲ ಕಂಬದ ಸ್ಟಿಕರ್, ಕಂಪೆನಿಯ ದಾಖಲೆ ಎಲ್ಲ ತಾಳೆ ನೋಡಬೇಕು, ಗಾಡಿ ಇಲ್ಲೇ ಇರಲಿ, ಗುರುವಾರ ಬನ್ನಿ ಅಂದರು. ನನ್ನ ಹೇಳಿಕೆ ಬರೆದರು, ಡ್ರೈವರ್ ಅದನ್ನು ಓದಿ ಹೇಳಿದ, ನಾನು ಕನ್ನಡದಲ್ಲಿ ಸಹಿ ಹಾಕಿದೆ. ಆಫೀಸರ್ ಸಟ್ಟುಗ ತಿರುಗಿ ಕೊಟ್ಟು, ಇನ್ನು ಇದು ಅಡುಗೆಮನೆಯಿಂದ ಹೊರಗೆ ಬರಬಾರದು ಅಂದರು.

ಬರುವಾಗ ಟ್ಯಾಕ್ಸಿಯಲ್ಲಿ ಮಗಳು ಮಾತಾಡಿದಳು. “ಮೊದಲ ದಿನವೇ ಹೇಳಿದ್ದರೆ?”

“ಹೌದು.”

“ನಾನು ಇವನಿಗೆ ಏನೆಲ್ಲ ಹೇಳಿದೆ. ನೀನು ಕೂತು ಕಾಯಿ ತುರೀತಿದ್ದಿ.”

“ಹೌದು.”

“ಹೌದು ಹೌದು ಅಂದರೆ ಆಯ್ತಾ?”

ಅದಕ್ಕೆ ಹೌದು ಅನ್ನಲು ಬರುವುದಿಲ್ಲ.  ಮುಂದಿನ ಸೀಟಿನಲ್ಲಿ ಡ್ರೈವರ್ ಕಿಟಕಿ ನೋಡುತ್ತಿದ್ದ.

ಗುರುವಾರ ಎಲ್ಲ ತಾಳೆಯಾಯಿತು. ಅದೇ ನಂಬರನ್ನು ಹೊಸತಾಗಿ ಹೊಡೆಯಲು ಕಾಗದ ಕೊಟ್ಟರು, ಅಲ್ಲೇ ಹೊಡೆದರು. ಅಲ್ಲಿಂದ ಟೆಸ್ಟಿಂಗ್ ಸೆಂಟರಿಗೆ ಹೋದೆವು. ಅದೇ ಇನ್ಸ್‌ಪೆಕ್ಟರ್ ಮ್ಯಾಟ್ ಎತ್ತಿ, ಬ್ಯಾಟರಿ ಬಿಟ್ಟು, ಈ ಸಲ ಕೂಡಲೇ ಎದ್ದ. ಪಾಸ್. ಮಗಳ ಫೋನಿಗೆ ಮುಲ್ಕಿಯಾ ಬಂತು. ತಾರೀಕು ಮುಗಿದ ಮೇಲೆ ಬಿಟ್ಟ ಆ ತಿಂಗಳಿನಲ್ಲಿ ಒಂದೇ ದಿನ ಉಳಿದಿತ್ತು.

ಅಡುಗೆಮನೆಗೆ ಬಂದ ಮೇಲೆ ಮಗಳು ಬೇಳೆ ಡಬ್ಬಿಯ ಅಡಿಯ ಕಾಗದ ತೆಗೆದು ಹರಿದಳು. ಡ್ರೈವರಿಗೆ ಹೇಳಿದಳು, “ಆದದ್ದು ಆಯ್ತು. ವಾಯ್ಸ್ ಡಿಲೀಟ್ ಮಾಡಿದೆ. ಖಲಾಸ್. ಇನ್ನು ಅದರ ಮಾತು ಬೇಡ.”

ಅವನು ಗಾಡಿಯ ಕೀಯನ್ನು ಮೇಜಿನ ಮೇಲೆ ಇಟ್ಟ.

“ಮೇಡಂ, ನಾ ಬ್ಯಾರೆ ಕಡೆ ನೋಡ್ತೀನ್ರಿ. ಇಲ್ಲಿ ಮನಸ ಬರವಲ್ದು.”

“ಸಂಬಳ ಬೇಕಾ ಹೆಚ್ಚು?”

“ಸಂಬಳದ ಮಾತಲ್ರಿ.”

“ಸರಿ, ಹೋಗು. ಯಾರು ತಗೊಳ್ತಾರೋ ನೋಡು” ಅಂದು ಅವಳು ಒಳಗೆ ಹೋದಳು. ಅವಳು ಕೆಟ್ಟವಳಲ್ಲ. ತಪ್ಪಾಯಿತು ಅನ್ನುವ ಮಾತು ಅವಳ ಬಾಯಿಗೆ ಬರುವುದಿಲ್ಲ. ಅದು ಎಲ್ಲಿಂದ ಬಂದ ಗುಣ ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ.

ನಾನು ಅವನಿಗೆ ಚಾ ಕೊಟ್ಟೆ. ನಿಂತುಕೊಂಡೇ ಕುಡಿದ.

“ಎಲ್ಲಾದರೂ ಕೇಳಿದ್ದೀಯಾ?”

“ಶಾರ್ಜಾದಾಗ ಒಬ್ಬರ ಕಡೆ ಕೇಳಿದ್ನಿರಿ. ಹಿಂದಿನ ತಿಂಗಳ ಅವರೇ ಬಾ ಬಾ ಅಂತಿದ್ರು. ನಿನ್ನೆ ಫೋನ್ ಹಚ್ಚಿದ್ರ, ನಿನ್ನ ಬಗ್ಗೆ ಕೇಳೇವಪ್ಪ, ಬ್ಯಾಡ ಅಂದ್ರು. ಇಲ್ಲೇ ದೇರಾದಾಗ ಇಬ್ಬರೂ ಹಂಗ ಅಂದ್ರು.”

“ಡಿಲೀಟ್ ಮಾಡಿದ್ದಾಳಂತಲ್ಲ?”

“ಇಷ್ಟು ದಿನ ಆದಮ್ಯಾಗ ಮೇಡಂ ಫೋನಿನಾಗಿಂದ ಅಷ್ಟ ಹೋಗತೈತ್ರಿ ಆಯಿ. ಕೇಳಿದ್ದು ಕಿವ್ಯಾಗ ಐತಿ. ಕೆಲವರು ಬ್ಯಾರೆ ಗ್ರೂಪಿಗೂ ಕಳಿಸ್ಯಾರ, ಅದು ಹಂಗ ಐತಿ. ನನ್ನ ರೂಮಿನವರು ಹೇಳ್ತಾರ, ಇಂಥ ವಾಯ್ಸ್ ಬಿಟ್ರ ಇಲ್ಲಿ ಕೇಸ್ ಆಗತೈತಿ, ಕಂಪ್ಲೇಂಟ್ ಕೊಡು ಅಂತ.”

“ಕೊಡ್ತೀಯಾ?”

“ಕೊಟ್ರ ಮೇಡಂ ಒಳಗ ಹೋಗ್ತಾರ, ನೀವು ಊರಿಗೆ ಹೋಗ್ತೀರಿ. ನನಗೇನ್ ಬರತೈತಿ?” ಲೋಟ ತೊಳೆದು ಮಗುಚಿ ಇಟ್ಟ. “ಈ ತಿಂಗಳ ಆಖೇರಿಗೆ ಕೆಲಸ ಸಿಗಲಿಲ್ಲಂದ್ರ ಊರಿಗೆ ಹೋಗ್ತೀನಿ. ದೊಡ್ಡಾಕಿ ಹತ್ತನೇ ಕ್ಲಾಸಿನಾಗ ಅದಾಳ. ಫೀಸ್ ತುಂಬೋದು ಹೆಂಗ ನೋಡಬೇಕು.”

 ನನ್ನ ಬಾಯಿಂದ ಅವನಿಗೆ ಸಮಾಧಾನ ಬೇಕಾಗಿರಲಿಲ್ಲ.

ಮರುದಿನ ಶುಕ್ರವಾರ. ಐದು ಗಂಟೆಗೆ ಅನ್ನಕ್ಕೆ ಇಟ್ಟು, ಸಾಂಬಾರಿನ ಮಸಾಲೆ ರುಬ್ಬಿ, ಮಗಳನ್ನು ಎಬ್ಬಿಸಿದೆ. “ಒಲೆ ನೋಡಿಕೋ, ನಾನು ಬರುವುದು ಒಂಬತ್ತಾಗ್ತದೆ” ಅಂದೆ. ಎಲ್ಲಿಗೆ ಅಂತ ಕೇಳಿದಳು. ಹೇಳಿದೆ. “ಮರ್ಯಾದೆ ಹೋಗ್ತದೆ ಅಮ್ಮ” ಅಂದಳು. “ಹೋಗಲಿ, ನಿನ್ನದಲ್ಲವಲ್ಲ, ನನ್ನದು” ಅಂದೆ.

ದೇರಾದಲ್ಲೇ ನಮ್ಮ ಕಡೆಯವರ ಏಳು ಅಡುಗೆಮನೆ ಉಂಟು. ಎಲ್ಲವೂ ನಡೆದು ಹೋಗುವಷ್ಟು ದೂರ. ಗ್ರೂಪ್ ಶುರು ಮಾಡಿದವರದ್ದು ಮೀನು ಮಾರ್ಕೆಟ್ ರಸ್ತೆ ಕಡೆ, ಮೊದಲು ಅಲ್ಲಿಗೆ ಹೋದೆ. ಅವರು ಬಾಗಿಲಲ್ಲಿ ನಿಂತು ಕಾಯಿ ಮೂಟೆ ಇಳಿಸುತ್ತಿದ್ದರು. ನಾಲ್ಕು ಜನ ಕೆಲಸದವರು, ಇಬ್ಬರು ಡ್ರೈವರ್‌ಗಳು ಅಲ್ಲೇ ಚಾ ಕುಡಿಯುತ್ತಿದ್ದರು.

“ಏನು ದೊಡ್ಡಮ್ಮ, ಇಷ್ಟು ಬೆಳಿಗ್ಗೆ? ಕಾಯಿ ಖಾಲಿಯಾ?”

“ಕಾಯಿ ಉಂಟು. ನಿಮ್ಮ ಫೋನಿನಲ್ಲಿ ನನ್ನ ಮಗಳ ವಾಯ್ಸ್ ಉಂಟಲ್ಲ, ನಮ್ಮ ಡ್ರೈವರಿನದ್ದು?”

ಅವರು ಆಚೆ ಈಚೆ ನೋಡಿದರು. “ಇರಬಹುದು ದೊಡ್ಡಮ್ಮ. ಅದು ಬಿಡಿ, ಆದದ್ದು…”

“ಬಿಡುವುದಲ್ಲ. ಜೋರಾಗಿ ಹಾಕಿ, ಇವರೆಲ್ಲ ಕೇಳಲಿ” ಅಂದೆ. “ಅದು ಮುಗಿದ ಮೇಲೆ ನಾನು ಮಾತಾಡ್ತೇನೆ. ನನ್ನದನ್ನೂ ಹಾಗೇ ರೆಕಾರ್ಡ್ ಮಾಡಿ ಅದರ ಕೆಳಗೇ ಹಾಕಿ.”

ಅವರು ಕಾಯಿ ಮೂಟೆ ಕೆಳಗಿಟ್ಟು ಫೋನು ತೆಗೆದರು. ನಾನು ಸೆರಗು ಸರಿಮಾಡಿಕೊಂಡು ನಿಂತೆ.